ಕೃತಿಚೌರ್ಯ

ಧನವನ್ನು ಕದ್ದವನನ್ನು ಲೋಕವು ಒಡನೆಯೇ ಕಳ್ಳನೆನ್ನುವುದು. ಪರರ ಮಾತನ್ನು ಕದ್ದವನನ್ನಾದರೋ ಅನೇಕ ವೇಳೆ ಪಂಡಿತನೆಂದು ಮನ್ನಿಸುವುದು. ನಮ್ಮ ಪೂರ್ವಿಕರು ಈ ದೋಷವನ್ನು ಅರಿಯದವರಲ್ಲ. ಸಾವಿರ ವರ್ಷಗಳಿಗೂ ಹಿಂದೆ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣ, ಅರ್ಥಹರಣಗಳೆಂದು ವಿಂಗಡಿಸಿ ಇದನ್ನು ವಿಸ್ತಾರವಾಗಿ ವಿಚಾರಿಸಿರುವನು.

ಕಾವ್ಯಕ್ಕೆ ಅಂಟಿದ ಈ ರೋಗವು ವಿಜ್ಞಾನವನ್ನೂ ಬಿಟ್ಟಿಲ್ಲ. 2011ರಲ್ಲಿ ಬೆಂಗಳೂರಿನ ವಿದ್ವಾಂಸರ ಲೇಖನವೊಂದು ‘ಅಡ್ವಾನ್ಸ್ಡ್ ಮೆಟೀರಿಯಲ್ಸ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಕೆಲವು ವಾಕ್ಯಗಳು ಬೇರೊಂದು ಪತ್ರಿಕೆಯ ಹಿಂದಿನ ಲೇಖನದವೇ ಎಂದು ತಿಳಿದುಬಂದಿತು. ಲೇಖಕರಲ್ಲಿ ಜಗದ್ವಿಖ್ಯಾತರಾದ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರೂ ಒಬ್ಬರು. ವಾಕ್ಯಗಳನ್ನು ಎತ್ತಿಕೊಂಡವರು ಸಂಶೋಧನ ವಿದ್ಯಾರ್ಥಿಯೆಂದು ಹೇಳಲಾಯಿತು. ಆದರೂ ಹಿರಿಯರು ಅದೇ ಪತ್ರಿಕೆಯಲ್ಲಿ ಕ್ಷಮೆ ಕೋರಿದರು. ಪ್ರಯೋಗದ ಫಲಗಳು ಅವರವೇ ಆಗಿದ್ದುದರಿಂದ ಲೇಖನವು ರದ್ದಾಗಲಿಲ್ಲ. ಶಿಷ್ಯನ ಬರಹಕ್ಕೆ ತನ್ನ ಹೆಸರನ್ನು ಸೇರಿಸುವ ಗುರುವು ಅದರ ಕೀರ್ತಿಯೊಡನೆ ದೋಷಕ್ಕೂ ಪಾಲುದಾರನೆಂಬುದು ಇದರಿಂದ ಸ್ಪಷ್ಟವಾಗುವುದು.

“ಇಂಗ್ಲಿಷು ನಮ್ಮ ಹುಡುಗರ ಮಾತೃಭಾಷೆಯಲ್ಲ, ಒಳ್ಳೆಯ ವಾಕ್ಯ ಕಂಡರೆ ಎತ್ತಿಕೊಳ್ಳುತ್ತಾರೆ, ತಪ್ಪೇನು?” ಎನ್ನುವವರುಂಟು. ನಮ್ಮ ಶಿವಾರಪಟ್ಟಣದ ಶಿಲ್ಪಿಗಳನ್ನು ನೋಡಿರಿ. ವಿಗ್ರಹದ ತಾಳಮಾನ, ಲಕ್ಷಣ, ಆಯುಧಗಳೆಲ್ಲವೂ ಪರಂಪರೆಯಿಂದ ಬಂದವು. ಅವುಗಳನ್ನು ಅನುಸರಿಸುವುದನ್ನು ಯಾರೂ ಕಳ್ಳತನವೆನ್ನರು. ಆದರೆ ನೆರೆಮನೆಯವನು ಕಡೆದ ವಿಗ್ರಹವನ್ನು ತನ್ನದೆಂದು ಹೇಳಿ ಮಾರಿದರೆ ಯಾರು ಸಹಿಸಿಯಾರು? ಶಾಸ್ತ್ರವು ಸರ್ವರ ಸ್ವತ್ತು. ಉಳಿಯ ಪೆಟ್ಟು ಅವರವರದು. ವಿಜ್ಞಾನದಲ್ಲಿಯೂ ಹಿಂದಿನವರ ಜ್ಞಾನವನ್ನು ಸ್ವೀಕರಿಸದೆ ಯಾರೂ ಮುಂದುವರಿಯಲಾರರು. ಅವರ ಹೆಸರನ್ನು ಹೇಳಿ ಸ್ವೀಕರಿಸಿದರೆ ಅದು ಋಣ, ಮರೆಮಾಚಿದರೆ ಚೌರ್ಯ.

2018ರಲ್ಲಿ ವಿಶ್ವವಿದ್ಯಾಲಯಗಳ ಅನುದಾನ ಆಯೋಗವು ಇದಕ್ಕೆ ನಿಯಮಗಳನ್ನು ವಿಧಿಸಿತು. ಪ್ರೌಢಪ್ರಬಂಧದಲ್ಲಿ ಸಾಮ್ಯವು ನೂರಕ್ಕೆ 10ರವರೆಗಿದ್ದರೆ ದಂಡವಿಲ್ಲ. 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸತಕ್ಕದ್ದು. 60ನ್ನು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ದಂಡಕ್ಕೆ ಅಳತೆ ಬೇಕು, ನಿಜ. ಆದರೆ ಯಂತ್ರವು ಶಬ್ದಗಳನ್ನು ಎಣಿಸಬಲ್ಲುದೇ ಹೊರತು, ಮಾತನ್ನು ಬದಲಿಸಿ ಕದ್ದ ಭಾವವನ್ನು ಸುಲಭವಾಗಿ ಹಿಡಿಯಲಾರದು. ಅದನ್ನು ಹಿಡಿಯತಕ್ಕದ್ದು ಬರೆದವನ ಅಂತಃಕರಣವೇ.

ಆ ಅಂತಃಕರಣವು ವಿಶ್ವವಿದ್ಯಾಲಯದಲ್ಲಿ ಹುಟ್ಟತಕ್ಕದ್ದಲ್ಲ. ಮಗುವು ಗೈಡಿನಿಂದ ಇಳಿಸಿಕೊಂಡ ಪ್ರಬಂಧಕ್ಕೆ ಹೆಚ್ಚು ಅಂಕ ಬಂದಿತೆಂದು ತಂದೆತಾಯಿಗಳು ಹಿಗ್ಗಿದರೆ, ಮೊದಲನೆಯ ಪಾಠ ಮನೆಯಲ್ಲಿಯೇ ಆದಂತಾಯಿತು. “ಇದನ್ನು ಎಲ್ಲಿ ಓದಿದೆ, ಮಗು?” ಎಂದು ಕೇಳಿರಿ, ಹೇಳಿದ ಹೆಸರನ್ನು ಅದರ ಕೈಯಿಂದಲೇ ಕೆಳಗೆ ಬರೆಯಿಸಿರಿ. ತಪ್ಪಾದರೂ ಸ್ವಂತವಾದ ನಾಲ್ಕು ವಾಕ್ಯಗಳನ್ನು ತಿದ್ದಬಹುದು. ಕದ್ದ ನಾನೂರು ವಾಕ್ಯಗಳಲ್ಲಿ ತಿದ್ದುವುದಕ್ಕೆ ಮಗುವಿನದೆಂಬುದೇನೂ ಇರುವುದಿಲ್ಲ.