ಇಂಗಿನ ನೆರೆಮನೆಯ ಚಹಾ

ಚೀನಾದ ಫೂಜೌನಲ್ಲಿ ಮಲ್ಲಿಗೆ ಚಹಾ ಮಾಡುವವರು ಮಧ್ಯಾಹ್ನ ಕೊಯ್ದ ಮೊಗ್ಗು ರಾತ್ರಿ ಬಿರಿಯುವ ಹೊತ್ತಿಗೆ ಅದನ್ನು ಒಣ ಚಹಾ ಎಲೆಯೊಡನೆ ಬೆರೆಸಿ ರಾಶಿ ಹಾಕುತ್ತಾರೆ. ಬೆಳಿಗ್ಗೆ ಹೂವನ್ನು ಜರಡಿ ಹಿಡಿದು ತೆಗೆಯುತ್ತಾರೆ. ಹೂವು ಹೋದರೂ ಕಂಪು ಎಲೆಯಲ್ಲಿ ಉಳಿಯುತ್ತದೆ. ನಮ್ಮ ಅಡುಗೆಮನೆಗಳಲ್ಲೂ ಇದೇ ವಿದ್ಯೆ ವರ್ಷವಿಡೀ ನಡೆದಿದೆ. ಮಲ್ಲಿಗೆಯ ಜಾಗದಲ್ಲಿ ಇಂಗು, ಸಾರಿನ ಪುಡಿ, ಒಣಮೆಣಸಿನಕಾಯಿ ಇವೆ, ಅಷ್ಟೆ. ಪಕ್ಕದಲ್ಲಿ ಏನಿದೆಯೋ ಅದರ ವಾಸನೆ ಹೀರುವುದು ಚಹಾದ ಹುಟ್ಟುಗುಣ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಅದು ಕೇಳುವುದಿಲ್ಲ.

ಚಹಾ ಮಾಡುವವರಿಗೂ ಸಾಗಿಸುವವರಿಗೂ ಇದು ಗೊತ್ತು. ವಾಸನೆಯಂತೆಯೇ ತೇವವನ್ನೂ ಅದು ಹೀರುತ್ತದೆ. ಕಾರ್ಖಾನೆಯ ಡ್ರೈಯರ್‌ನಿಂದ ಹೊರಬೀಳುವಾಗ ಚಹಾದಲ್ಲಿ ಉಳಿದಿರುವ ತೇವ ಶೇ 3ರ ಆಸುಪಾಸು. ಅದು ಶೇ 6-7 ದಾಟಿತೆಂದರೆ ರುಚಿ ಮಂಕಾಗತೊಡಗುತ್ತದೆ, ಇನ್ನೂ ಏರಿದರೆ ಬೂಷ್ಟು ಹಿಡಿಯುತ್ತದೆ. ಈ ಭಯಕ್ಕೇ ಹಿಂದೆ ಹಡಗೇರುವ ಚಹಾ ಪೆಟ್ಟಿಗೆಗಳ ಒಳಗೆ ಸೀಸದ ತಗಡು ಹೊದಿಸುತ್ತಿದ್ದರು. ಕುಡಿಯುವವರ ಗತಿ ದೇವರಿಗೇ ಪ್ರೀತಿ. ಆಮೇಲೆ ಪ್ಲೈವುಡ್ ಪೆಟ್ಟಿಗೆಗೆ ಅಲ್ಯೂಮಿನಿಯಂ ಹಾಳೆ ಬಂತು, ಈಗ ಹಲವು ಪದರದ ಕಾಗದದ ಚೀಲವಿದೆ. ಇಂಗ್ಲೆಂಡಿನ ಜಾನ್ ಹಾರ್ನಿಮನ್ 1826ರಲ್ಲಿ ಮೊಹರು ಮಾಡಿದ ಪ್ಯಾಕೆಟ್ಟಿನಲ್ಲಿ ಚಹಾ ಮಾರತೊಡಗಿದ್ದು ಕಲಬೆರಕೆಗೆ ಹೆದರಿದ ಗಿರಾಕಿಯನ್ನು ನೆಚ್ಚಿಕೊಂಡು. ಪುಡಿ ಕೆಡದೆ ಉಳಿದದ್ದು ಅದರ ಜೊತೆಗೆ ಬಂದ ಲಾಭ.

ಇಷ್ಟು ಜೋಪಾನವಾಗಿ ಮನೆಗೆ ಬಂದದ್ದನ್ನು ನಾವು ಕತ್ತರಿಯಿಂದ ಕಚಕ್ಕೆಂದು ಕತ್ತರಿಸಿ ಗಾಜಿನ ಬಾಟಲಿಗೆ ಸುರಿಯುತ್ತೇವೆ. ಅದೂ ತಳದಲ್ಲಿ ಉಳಿದಿರುವ ಹಳೆಯ ಪುಡಿಯ ಮೇಲೆಯೇ. ಬಾಟಲಿಯ ಜಾಗ ಒಲೆಯ ಮೇಲಿನ ಹಲಗೆ. ಬಿಸಿ, ಆವಿ, ಬೆಳಕು, ಒಗ್ಗರಣೆಯ ಹೊಗೆ ಎಲ್ಲವೂ ಅಲ್ಲಿ ಕೈಗೆಟುಕುತ್ತವೆ. ಮೇಲಿಂದ ಒದ್ದೆ ಚಮಚ ಬೇರೆ. ನಾವು ಕುಡಿಯುವ ಸಿಟಿಸಿ ಚಹಾ ಎಲೆಯನ್ನು ಹಿಂಡಿ, ಹರಿದು, ಸುರುಳಿ ಮಾಡಿದ ಸಣ್ಣ ಕಾಳು. ಗಾಳಿಗೆ ಒಡ್ಡಿಕೊಂಡ ಮೈ ಹೆಚ್ಚು, ಆದ್ದರಿಂದ ಇಡೀ ಎಲೆಗಿಂತ ಬೇಗ ಸೊರಗುತ್ತದೆ. ಮಲೆನಾಡಿನ ಮಳೆಯಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಉಪ್ಪು ನೀರಾಗುತ್ತದೆ. ಚಹಾಪುಡಿ ಮಾತ್ರ ಗರಿಗರಿಯಾಗಿ ಕೂತಿರುತ್ತದೆಯೇ? ಫ್ರಿಜ್ಜಿನಲ್ಲಿಟ್ಟರೆ ಆಯಿತಲ್ಲ ಎನ್ನುವ ಜಾಣರಿದ್ದಾರೆ. ತಣ್ಣಗಿನ ಡಬ್ಬಿಯನ್ನು ಹೊರಗೆ ತೆಗೆದು ಮುಚ್ಚಳ ಬಿಚ್ಚಿದಾಗಲೆಲ್ಲ ಗಾಳಿಯ ತೇವ ಪುಡಿಯ ಮೇಲೆ ಕೂರುತ್ತದೆ. ಜೊತೆಗೆ ನಿನ್ನೆಯ ಹುಳಿಯ ವಾಸನೆ.

ತಪ್ಪೆಲ್ಲ ಮನೆಯವರದೇ ಎಂದರೆ ಅನ್ಯಾಯವಾದೀತು. ಪ್ಯಾಕೆಟ್ಟಿನ ಮೇಲೆ ಹಸಿರು ಬೆಟ್ಟದ ಚಿತ್ರಕ್ಕೆ ಸಿಗುವ ಜಾಗ, ಒಡೆದ ಮೇಲೆ ಹೇಗಿಡಬೇಕು ಎಂಬ ಸಾಲಿಗೆ ಸಿಗುವುದಿಲ್ಲ. ಇದ್ದರೂ ಇರುವೆ ಗಾತ್ರದ ಅಕ್ಷರ. ಒಡೆದರೆ ಮತ್ತೆ ಮುಚ್ಚಲು ಬರುವ ಪ್ಯಾಕೆಟ್ಟು ಕೊಡುವವರು ಕಡಿಮೆ. ಇನ್ನು ತಾರೀಖಿನ ವಿಷಯ. ನಮ್ಮ ಪ್ಯಾಕೆಟ್ಟುಗಳ ಮೇಲೆ ಸಾಮಾನ್ಯವಾಗಿ ಅಚ್ಚಾಗಿರುವುದು ಪ್ಯಾಕ್ ಮಾಡಿದ ತಿಂಗಳು. ತೋಟದಿಂದ ಕೂನೂರಿನದೋ ಗುವಾಹಟಿಯದೋ ಹರಾಜಿಗೆ ಹೋಗಿ, ಗೋದಾಮಿನಲ್ಲಿ ಕಾದು, ಹತ್ತು ತೋಟದ ಚಹಾದೊಡನೆ ಬೆರೆತು ಪ್ಯಾಕೆಟ್ ಸೇರುವವರೆಗಿನ ದಿನಗಳ ಲೆಕ್ಕ ಗಿರಾಕಿಗೆ ಸಿಗುವುದಿಲ್ಲ. ಅದು ಸಿಗಬೇಕು. ಹಾಲಿನ ಪ್ಯಾಕೆಟ್ಟಿನ ತಾರೀಖು ನೋಡಿ ಕೊಳ್ಳುವ ನಾವು ಅದಕ್ಕೆ ಬೆರೆಸುವ ಪುಡಿಯ ವಯಸ್ಸನ್ನೂ ಕೇಳುವ ಹಕ್ಕುಳ್ಳವರು.

ಅಲ್ಲಿಯವರೆಗೆ ಕಾಲು ಕಿಲೋದ ಪ್ಯಾಕೆಟ್ಟನ್ನೇ ತನ್ನಿ. ಮುಚ್ಚಳ ಬಿಗಿಯಾದ, ಬೆಳಕು ತೂರದ ಸ್ಟೀಲ್ ಡಬ್ಬಿಯನ್ನು ತೊಳೆದು, ಚೆನ್ನಾಗಿ ಒಣಗಿಸಿ, ಅದಕ್ಕೆ ತುಂಬಿ ಒಲೆಯಿಂದ ದೂರ ಇಡಿ. ಚಹಾದ ಜೊತೆ ಉಚಿತವೆಂದು ಅಂಗಡಿಯವರು ಕೊಡುವ ಗಾಜಿನ ಭರಣಿ ಬೇಡವೆನ್ನಬೇಡಿ. ಅದು ಉಪ್ಪಿನಕಾಯಿಗೆ ಆಗುತ್ತದೆ.