ಬುತ್ತಿ ಕಟ್ಟಿಕೊಂಡು ಗೇಟಿಗೆ ಬನ್ನಿ

ಬೆಳಗಾವಿಯ ಶಹಾಪುರದ ಓಣಿಯಲ್ಲಿ ಮಗ್ಗದ ಸಪ್ಪಳ ನಿಂತರೆ ಒಳಗೇನಾಗಿದೆ ಎಂದು ಯಾರೂ ಕೇಳಬೇಕಾಗಿಲ್ಲ. ನೂಲು ಸಿಕ್ಕಿಲ್ಲ, ಇಲ್ಲವೇ ಸೀರೆ ಹೋಗಿಲ್ಲ. ಈ ವಾರ ಆ ಮನೆಗೆ ಪಗಾರ ಇಲ್ಲ. ಆ ಮೌನವನ್ನು ಉಂಡವರು ನಾವು. ಅದಕ್ಕೇ ಕರಾವಳಿಯ ಕಾರ್ಖಾನೆಯೊಂದರ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲಿ ಸುಜ್ಲಾನ್ ಕಂಪನಿ ಹಾಕಿದ ಕಾರ್ಖಾನೆಯಲ್ಲಿ ಗಾಳಿಯಂತ್ರದ ರೆಕ್ಕೆ ತಯಾರಾಗುತ್ತಿತ್ತು. ರೆಕ್ಕೆ ಕಬ್ಬಿಣದ್ದೆಂದು ತಿಳಿದವರಿದ್ದಾರೆ. ಅಲ್ಲ, ಅದು ಬಟ್ಟೆಯದು. ಗಾಜಿನ ನಾರಿನ ಬಟ್ಟೆಯನ್ನು ಉದ್ದನೆಯ ಅಚ್ಚಿನೊಳಗೆ ಪದರ ಪದರವಾಗಿ ಹಾಸಿ, ಸುಕ್ಕು ಉಳಿಯದಂತೆ ಕೈಯಿಂದ ಸವರಿ, ಆಮೇಲೆ ರೆಸಿನ್ ಎಂಬ ಅಂಟುದ್ರವ ಕುಡಿಸುತ್ತಾರೆ. ಒಂದು ಸುಕ್ಕು ಉಳಿದರೂ ಮುಂದೆ ಅಲ್ಲೇ ಬಿರುಕು ಬಿಟ್ಟೀತು. ಎಳೆ ತಪ್ಪಿದ್ದನ್ನು ದೂರದಿಂದಲೇ ಹಿಡಿಯುವ ನೇಕಾರನ ಕಣ್ಣು, ನೇಕಾರನ ಬೆರಳು ಬೇಡುವ ಕೆಲಸವದು. 2017ರಲ್ಲಿ ಆ ಕಾರ್ಖಾನೆಗೆ ಬೀಗ ಬಿತ್ತು. ಆ ಬೆರಳುಗಳೆಲ್ಲ ಗೇಟಿನ ಹೊರಗೆ ಉಳಿದವು.

ಗಾಳಿಯೇನೂ ಬೀಸುವುದನ್ನು ಬಿಟ್ಟಿರಲಿಲ್ಲ. ಆ ವರ್ಷದ ಫೆಬ್ರುವರಿಯಲ್ಲಿ ದೇಶದ ಮೊದಲ ಗಾಳಿವಿದ್ಯುತ್ ಹರಾಜಿನಲ್ಲಿ ಯೂನಿಟ್ಟಿನ ದರ 3.46 ರೂಪಾಯಿಗೆ ಇಳಿದಿತ್ತು, ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 2.43ಕ್ಕೆ. ಗಾಳಿವಿದ್ಯುತ್ತಿಗೆ ಸರ್ಕಾರ ಕೊಡುತ್ತಿದ್ದ ಹಳೆಯ ಪ್ರೋತ್ಸಾಹಧನ ಮಾರ್ಚಿಗೇ ಮುಗಿದಿತ್ತು. 2016-17ರಲ್ಲಿ ಸುಮಾರು 5,500 ಮೆಗಾವಾಟ್‌ನಷ್ಟು ಯಂತ್ರ ನಿಲ್ಲಿಸಿದ್ದ ದೇಶ ಮರುವರ್ಷ 1,800ನ್ನೂ ಮುಟ್ಟಲಿಲ್ಲ. ಹೊಸ ಆರ್ಡರ್ ಇಲ್ಲದೆ ಅಚ್ಚುಗಳು ಖಾಲಿ ಬಿದ್ದವು. ಅಗ್ಗದ ಕರೆಂಟು ಬೇಡವೆನ್ನುತ್ತಿಲ್ಲ. ಆದರೆ ಹರಾಜು ತಂದು ನೀತಿ ಬದಲಿಸಿದವರ ಪಗಾರ ಒಂದು ದಿನವೂ ತಪ್ಪದೆ, ರೆಕ್ಕೆ ಸವರಿದವರ ಒಲೆ ಮಾತ್ರ ಆರಿದ್ದು ಯಾವ ನ್ಯಾಯ?

ಹರಾಜು ಕರೆಯುವ ಅಧಿಕಾರಿಗಳೇ, ದರ ಬರೆಯುವ ಕಾಗದದಲ್ಲೇ ಕಾರ್ಮಿಕರ ಲೆಕ್ಕವನ್ನೂ ಕೇಳಿ. ಮಾಲೀಕರೇ, ಕೆಲಸದಿಂದ ತೆಗೆದವರಿಗೆ ಸೇವೆಯ ವರ್ಷವೊಂದಕ್ಕೆ 15 ದಿನದ ಪಗಾರ ಕೊಡುವುದು ದಯೆಯಲ್ಲ, ಕಾನೂನು. ಗುತ್ತಿಗೆಯವರೆಂದು ಹೇಳಿ ಯಾರನ್ನೂ ಬರಿಗೈಯಲ್ಲಿ ಕಳಿಸಬೇಡಿ. ರೆಕ್ಕೆಗೆ ಕಾಯಂ ಕೈ, ಗುತ್ತಿಗೆ ಕೈ ಎಂಬ ಭೇದ ಗೊತ್ತಿಲ್ಲ.

ಶಹಾಪುರ, ವಡಗಾವಿ, ಖಾಸಬಾಗದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಸವದತ್ತಿಯ ಗುಡ್ಡದ ಮೇಲೆ ತಿರುಗುವ ರೆಕ್ಕೆಗಳನ್ನು ಮಕ್ಕಳಿಗೆ ತೋರಿಸುವಾಗ ಅವನ್ನು ಮಾಡಿದ ಕೈಗಳ ಮಾತನ್ನೂ ಹೇಳಿ. ಮಗ್ಗ ಬಿಟ್ಟ ನಮ್ಮ ಹುಡುಗರು ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೆಲಸ ಹಿಡಿದಿದ್ದಾರೆ. ನಾಳೆ ಅಲ್ಲೊಂದು ಗೇಟು ಮುಚ್ಚಿದರೆ, ನಮ್ಮವರು ಯಾರಾದರೂ ಇದ್ದಾರೋ ಇಲ್ಲವೋ ಎಂದು ವಿಚಾರಿಸುತ್ತ ಕೂರಬೇಡಿ. ರೊಟ್ಟಿ ಬುತ್ತಿ ಕಟ್ಟಿಕೊಂಡು ಬನ್ನಿ, ಹೊರಗೆ ಕುಳಿತವರ ಪಕ್ಕದಲ್ಲಿ ಕುಳಿತುಕೊಳ್ಳೋಣ.