ಅಂಬಲಿ ಕೆಟ್ಟರೆ ಕೈಗುಣವನ್ನು ದೂರಬೇಡಿ

ಬಿಸಿಲಿನಲ್ಲಿ ದುಡಿಯುವವರಿಗೆ ಅಂಬಲಿಯಷ್ಟು ಹಿತವಾದ ಪಾನೀಯ ಮತ್ತೊಂದಿಲ್ಲ. ಆದರೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ರಾಗಿ ಬೆಳೆಯುವ ಮನೆಗಳಲ್ಲಿಯೇ ಅದರ ಜಾಗಕ್ಕೆ ಕಾಫಿ, ಚಹಾ ಬಂದಿವೆ. ಅಂಬಲಿಗೆ ಕೆಟ್ಟ ವಾಸನೆ ಬಂದರೆ ಸೆಕೆಯನ್ನೋ, ಹಿಟ್ಟು ಕಲಸಿದ ಹೆಂಗಸಿನ ಕೈಗುಣವನ್ನೋ ದೂರುವುದು ರೂಢಿ. ನನ್ನ ಅಭಿಪ್ರಾಯದಲ್ಲಿ ಇದು ಅನ್ಯಾಯ. ತಪ್ಪು ಅನೇಕ ವೇಳೆ ಅಡಿಗೆಮನೆಗಿಂತ ಮೊದಲೇ, ಕಣದಲ್ಲಿ ಮತ್ತು ಉಗ್ರಾಣದಲ್ಲಿ ನಡೆದಿರುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಅದೇ ಹಿಟ್ಟಿನಿಂದ, ಹುಳಿ ಬರಿಸದೆ, ಒಂದು ಲೋಟ ಗಂಜಿ ಕಾಯಿಸಿ ಮೂಸಿ ನೋಡಿ. ಗಂಜಿಯಲ್ಲಿಯೂ ಆ ವಾಸನೆ ಇದ್ದರೆ ದೋಷ ರಾಗಿಯದು ಅಥವಾ ಹಿಟ್ಟಿನದು. ಇಲ್ಲದಿದ್ದರೆ ಮಾತ್ರ ಗಡಿಗೆಯ ಕಡೆ ತಿರುಗಬೇಕು.

ಮುಗ್ಗಲು ವಾಸನೆ ಎಲ್ಲಕ್ಕಿಂತ ಕೆಟ್ಟದ್ದು. ಹಿಂದೆ ಹಗೇವಿನ ಗೋಡೆ ಬದಿಯ ರಾಗಿಗೆ ಈ ವಾಸನೆ ಬರುತ್ತಿದ್ದುದನ್ನು ಹಿರಿಯರು ಬಲ್ಲರು. ಹಗೇವುಗಳು ಈಗ ಅಪರೂಪ. ಆದರೆ ಸರಿಯಾಗಿ ಒಣಗದ ರಾಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೆಲದ ಮೇಲೆ ಒರಗಿಸಿದರೂ ಫಲ ಅದೇ. ತೇವಾಂಶ ಶೇಕಡಾ 12ಕ್ಕೆ ಇಳಿಯುವವರೆಗೆ ಒಣಗಿಸಿ, ಮಣೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು. ಮುಗ್ಗಿದ ರಾಗಿಯನ್ನು ತೊಳೆದು, ಹುಳಿ ಬರಿಸಿ, ಈರುಳ್ಳಿ ಹಾಕಿ ವಾಸನೆ ಮುಚ್ಚಬಹುದು ಎಂದು ತಿಳಿಯಬಾರದು. ಕೆಲವು ಬೂಷ್ಟುಗಳು ಉಂಟುಮಾಡುವ ವಿಷ ಕುದಿಸಿದರೂ ಹೋಗುವುದಿಲ್ಲ. ಅಂತಹ ರಾಗಿ ದನಕ್ಕೂ ಬೇಡ.

ಹೆಂಡದ ವಾಸನೆಯ ಕಥೆ ಬೇರೆ. 2021ರ ನವೆಂಬರಿನಲ್ಲಿ ಕೊಯ್ಲಿನ ಹೊತ್ತಿಗೆ ಬಿದ್ದ ಮಳೆಯನ್ನು ನಮ್ಮ ರೈತರು ಮರೆತಿರಲಾರರು. ಹಾಗೆ ನೆನೆದ ರಾಗಿ ತೆನೆಯಲ್ಲಿಯೇ ಮೊಳೆಯುತ್ತದೆ. ಮೊಳೆತ ಕಾಳಿನಲ್ಲಿ ಪಿಷ್ಟವು ಸಕ್ಕರೆಯಾಗಲು ತೊಡಗುತ್ತದೆ. ಸಕ್ಕರೆ ಸಿಕ್ಕರೆ ಈಸ್ಟ್ ಬಿಡುವುದಿಲ್ಲ. ನೇಪಾಳದಲ್ಲಿಯೂ ಪೂರ್ವ ಆಫ್ರಿಕದಲ್ಲಿಯೂ ರಾಗಿಯಿಂದಲೇ ಮದ್ಯ ಮಾಡುತ್ತಾರೆ. ಆಫ್ರಿಕದವರು ಅದಕ್ಕಾಗಿ ರಾಗಿಯನ್ನು ಬೇಕೆಂದೇ ಮೊಳಕೆ ಬರಿಸುತ್ತಾರೆ. ಅವರಿಗೆ ಗುಣವಾದದ್ದು ನಮ್ಮ ಅಂಬಲಿಗೆ ದೋಷ! ಇಂತಹ ಹಿಟ್ಟಿನ ಅಂಬಲಿ ಎಷ್ಟು ಕಾಯಿಸಿದರೂ ಗಟ್ಟಿಯಾಗದೆ ನೀರಾಗಿ ನಿಲ್ಲುವುದೂ ಇದೇ ಕಾರಣದಿಂದ. ಬೂಷ್ಟು ಇಲ್ಲದಿದ್ದರೆ ಅದನ್ನು ಹುಳಿ ಬರಿಸದೆ ಗಂಜಿಗೆ ಬಳಸುವುದು ಲೇಸು.

ಇನ್ನು ಗಡಿಗೆಯ ಪಾಲು. ಮಾರ್ಚ್, ಏಪ್ರಿಲ್ ತಿಂಗಳ ಸೆಕೆಯಲ್ಲಿ ಒಂದು ರಾತ್ರಿಯ ಹುಳಿ ಧಾರಾಳವಾಯಿತು. ಚಳಿಗಾಲದಲ್ಲಿ, ಅದರಲ್ಲೂ ಅರಕಲಗೂಡಿನ ಮಲೆನಾಡು ಸೆರಗಿನಲ್ಲಿ, ಒಂದು ದಿನವೇ ಬೇಕಾಗಬಹುದು. ಗಡಿಯಾರಕ್ಕಿಂತ ನಾಲಗೆಯನ್ನು ನಂಬುವುದು ಮೇಲು. ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟು ಮರೆತರೆ ಗಾಳಿ ತಾಗಿ ವಿನಿಗರ್‌ನಂತೆ ಮೂಗಿಗೆ ಹೊಡೆಯುತ್ತದೆ. ಲೋಳೆಯಾದರೆ ತಿಂಗಳುಗಟ್ಟಲೆ ಉಳಿಸಿಕೊಂಡು ಬಂದ ಹಳೆಯ ಹುಳಿಯನ್ನು ಚೆಲ್ಲಿ, ಮಡಕೆಯನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿ, ಒಳ್ಳೆಯ ಮಜ್ಜಿಗೆಯಿಂದ ಹೊಸದಾಗಿ ಹುಳಿ ಕಟ್ಟಬೇಕು. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಗಳು ಹುಳಿಗೆ ಕಿಲುಬು ಬಿಡುತ್ತವೆ. ಅವುಗಳಲ್ಲಿ ಅಂಬಲಿ ಇಡಲೇಬಾರದು.

2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದೆವು. ರಾಗಿ ಬಿಸ್ಕತ್ತಿನ ಬಗ್ಗೆ ಆಡಿದ ಮಾತಿನ ಕಾಲು ಭಾಗವನ್ನಾದರೂ ಅಂಬಲಿಗೆ ಮೀಸಲಿಡಬಹುದಿತ್ತು. ಕ್ಷೇತ್ರೋತ್ಸವಗಳಲ್ಲಿ ತಳಿಯ ಇಳುವರಿಯನ್ನು ಗಂಡಸರಿಗೆ ತೋರಿಸುತ್ತೇವೆ, ಅಡಿಗೆಯನ್ನು ಹೆಂಗಸರಿಗೆ ಕಲಿಸುತ್ತೇವೆ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಂತಹ ಕಡೆ ಮುಂದಿನ ಸುಗ್ಗಿಗೆ ಇದನ್ನು ತಿರುಗಿಸಿ, ಚೆನ್ನಾಗಿ ಒಣಗಿದ ರಾಗಿಯ ಅಂಬಲಿಯನ್ನೂ ಮಳೆಗೆ ಸಿಕ್ಕು ಮೊಳೆತ ರಾಗಿಯ ಅಂಬಲಿಯನ್ನೂ ಪಕ್ಕಪಕ್ಕದಲ್ಲಿಟ್ಟು, ರಾಗಿ ಒಣಗಿಸುವ ಗಂಡಸರಿಂದಲೇ ಮೂಸಿಸಬೇಕು.